ಕೈಗೆ ಕೊಡದ ಕತ್ತರಿ

ಹೋದ ಶ್ರಾವಣದಲ್ಲಿ ತಂಗಿಯ ಮಗಳಿಗೆ ಸೀರೆ ಕೊಳ್ಳಲು ಇಳಕಲ್ಲಿಗೆ ಹೋಗಿದ್ದೆ. ಸೀರೆ ಕಟ್ಟಿಸಿಕೊಂಡ ಮೇಲೂ ಬಸ್ಸಿಗೆ ಹೊತ್ತಿತ್ತು, ಕಾಲುಗಳು ತಾವೇ ಹಳೆಯ ಹೆರಿಗೆ ಆಸ್ಪತ್ರೆಯ ಓಣಿ ಹಿಡಿದವು. ಆಸ್ಪತ್ರೆ ಎಂದೋ ಮುಚ್ಚಿಹೋಗಿದೆ. ಆ ಕಟ್ಟಡದಲ್ಲಿ ಈಗ ನಲ್ಲಿ, ಪೈಪು ಮಾರುತ್ತಾರೆ. ಎದುರಿಗೆ ಒಬ್ಬ ಚಹಾ ಗಾಡಿಯವನು ಪಂಪು ಹೊಡೆಯುವ ಸ್ಟೋವಿನ ಮೇಲೆ ಪಾತ್ರೆ ಇಟ್ಟು, ಕುದಿಯುವ ನೀರಿನಲ್ಲಿ ಚಮಚಗಳನ್ನು ಹಾಕಿದ್ದ. ಸೀಮೆಎಣ್ಣೆಯ ಹೊಗೆ, ಕುದಿನೀರು, ಕಾದ ಲೋಹ, ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಪ್ಪತ್ತರ ದಶಕದ ಕೊನೆಯ ಆ ಬೇಸಿಗೆ ಕಣ್ಣ ಮುಂದೆ ಬಂದು ನಿಂತಿತು. "ಚಾ ಕೊಡ್ಲೇನ್ರಿ ಅಕ್ಕಾರ?" ಅಂದ ಗಾಡಿಯವನು. ಇವನು ಚಮಚ ಯಾಕೆ ಕುದಿಸುತ್ತಿದ್ದಾನೆ, ಯಾವ ರೋಗ ಬಂದಿದೆ ಈ ಊರಿಗೆ ಎಂದು ಮೊದಲು ಅನುಮಾನಪಟ್ಟು, ಆಮೇಲೆ ಕುಡಿದೆ.

ನನ್ನ ಸ್ವಭಾವವೇ ಅಂಥದ್ದು. ನಮ್ಮದು ಬಾಗಲಕೋಟೆ ಕಡೆಯ ಶಿರೂರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಗಾದೆಯನ್ನು ನಮ್ಮವ್ವ ಗಾದೆ ಅಂತ ತಿಳಿದಿರಲೇ ಇಲ್ಲ, ದಿನಾ ಬೆಳಿಗ್ಗೆ ಹಾಲಿನವನ ಮುಂದೆ ನಿಂತು ಮಾಡುವ ಕೆಲಸ ಅಂತ ತಿಳಿದಿದ್ದಳು. ಆಕೆಯ ಮಗಳು ನಾನು. ಹುಬ್ಬಳ್ಳಿಯಲ್ಲಿ ನರ್ಸ್ ತರಬೇತಿ ಮುಗಿಸಿ ಇಳಕಲ್ಲಿಗೆ ಬಂದಾಗ ನನಗೆ ಮನೆ ಕೊಟ್ಟ ಮುದುಕಿ ಬಾಡಿಗೆ ಕಡಿಮೆ ಹೇಳಿದ್ದಕ್ಕೇ ನಾನು ಎರಡು ದಿನ ನಿದ್ದೆ ಮಾಡಿರಲಿಲ್ಲ.

ಆಸ್ಪತ್ರೆ ಊರಿನ ವರ್ತಕರು ಸೇರಿ ಕಟ್ಟಿಸಿದ್ದು. ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ಒಬ್ಬ ಆಯಾ. ಸುತ್ತ ಎಲ್ಲ ಕಡೆ ಮಗ್ಗದ ಸಪ್ಪಳ. ಕರೆಂಟು ಬೇಸಿಗೆಯಲ್ಲಿ ಯಾವಾಗ ಬಂದರೂ ಅದು ನಮ್ಮ ಪುಣ್ಯ. ಹಾಗಾಗಿ ಆಪರೇಷನ್ ಸಾಮಾನುಗಳನ್ನು ಸ್ಟೋವಿನ ಮೇಲೆ ಕುದಿಸುವುದು ನನ್ನ ಪಾಲಿನ ಕೆಲಸ. ಆಪರೇಷನ್ನಿನಲ್ಲಿ ಡಾಕ್ಟರ ಎದುರು ನಿಂತು ಸಾಮಾನು ಕೊಡುವುದು ಗಂಗಕ್ಕನ ಕೆಲಸ, ರೋಗಿಯ ತಲೆಯ ಹತ್ತಿರ ಕೂತು ನಾಡಿ ನೋಡುವುದು ನನ್ನದು.

ಗಂಗಕ್ಕ ಆಸ್ಪತ್ರೆ ಶುರುವಾದ ದಿನದಿಂದ ಅಲ್ಲಿದ್ದವಳು. ಗಂಡ ತೀರಿದ್ದ, ಕಣ್ಣು ಕಾಣದ ಅತ್ತೆ ಮನೆಯಲ್ಲಿದ್ದಳು. ಬಸವಣ್ಣನ ಹೆಸರು ಹೇಳದೆ ನೀರು ಕುಡಿಯುವವಳಲ್ಲ. ಶಾಲೆ ಕಲಿತದ್ದು ಕಡಿಮೆ, ಕೆಲಸವನ್ನು ಹಳೆಯ ಡಾಕ್ಟರೇ ಕಲಿಸಿದ್ದರು. ಅವರು ವಯಸ್ಸಾಗಿ ಬಾಗಲಕೋಟೆಯ ಮಗನ ಮನೆಗೆ ಹೋದ ಮೇಲೆ ಬಹಳ ದಿನ ಆಸ್ಪತ್ರೆಗೆ ಡಾಕ್ಟರೇ ಇರಲಿಲ್ಲ. ನಾನು ಸೇರಿದ್ದು ಆಗಲೇ. ಆಮೇಲೆ ಬಂದವರು ನಂಜುಂಡಯ್ಯ, ಮೈಸೂರು ಕಡೆಯವರು, ಇನ್ನೂ ಮದುವೆಯಾಗದ ತರುಣ.

ಊರಿಗೆ ಊರೇ ಅನುಮಾನಪಟ್ಟಿತು. ಇಷ್ಟು ಕಲಿತವನು ಮೈಸೂರು ಬಿಟ್ಟು ಈ ಬಿಸಿಲಿಗೆ ಯಾಕೆ ಬಂದ? ಪ್ರೀತಿ ಮುರಿದಿರಬೇಕು ಅಂದರು ಕೆಲವರು, ಕೈಯಲ್ಲಿ ಯಾರೋ ಸತ್ತಿರಬೇಕು ಅಂದರು ಇನ್ನು ಕೆಲವರು. ಅವರ ಕನ್ನಡ ರೇಡಿಯೋ ವಾರ್ತೆಯ ಹಾಗೆ ಕೇಳುತ್ತಿತ್ತು. ಹೊಸ್ತಿಲಲ್ಲಿ ನಿಂತ ಆಯಾಗೂ "ಬನ್ನಿ, ಕೂತ್ಕೊಳ್ಳಿ" ಅನ್ನುವರು. ಆಯಾ ನನ್ನ ಕಿವಿಯಲ್ಲಿ, "ಇಷ್ಟ್ಯಾಕ ಮರ್ಯಾದಿ ಕೊಡ್ತಾರವಾ? ಏನೋ ಕೆಲ್ಸಾ ಹಚ್ಚೂ ವಿಚಾರ ಇರಬೇಕು" ಅಂದಳು. ನನಗೂ ಹಾಗೇ ಅನಿಸಿತ್ತು.

ನಮ್ಮ ಕಡೆ ಜಾತಿ ಕೇಳುವುದು ಅಸಹ್ಯ, ಮನೆದೇವರು ಕೇಳುವುದು ಸಭ್ಯ. ಬೀರಪ್ಪ ಅಂದರೆ ಒಂದು ಲೆಕ್ಕ, ವೀರಭದ್ರ ಅಂದರೆ ಇನ್ನೊಂದು ಲೆಕ್ಕ. ಬಂದ ಬಾಣಂತಿಯರ ಕಡೆಯವರೆಲ್ಲ, "ನಿಮ್ಮ ಮನಿದೇವ್ರು ಯಾವ್ದ್ರೀ ಸಾಹೇಬ್ರ?" ಅಂತ ಕೇಳುತ್ತಿದ್ದರು. ಅವರು ನಕ್ಕು, "ಎಲ್ಲ ದೇವರೂ ನಮ್ಮವೇ" ಅನ್ನುವರು. ಕೇಳಿದವರು ಹೊರಗೆ ಬಂದು ಮುಖ ಮುಖ ನೋಡಿಕೊಳ್ಳುವರು. ಹೇಳದವನು ಏನೋ ಮುಚ್ಚಿಟ್ಟಿದ್ದಾನೆ ಅನ್ನುವುದು ಊರಿನ ತೀರ್ಮಾನ.

ಮೊದಲ ಆಪರೇಷನ್ನಿನಲ್ಲೇ ಕಿಡಿ ಬಿತ್ತು. ಡಾಕ್ಟರು ಕಣ್ಣು ಎತ್ತದೆ ಅಂಗೈ ಚಾಚಿ "ಕತ್ತರಿ" ಅಂದರು. ಗಂಗಕ್ಕ ಕತ್ತರಿ ತೆಗೆದು, ಚಾಚಿದ ಕೈಯನ್ನು ದಾಟಿಸಿ, ಅವರ ಮಗ್ಗುಲಲ್ಲಿದ್ದ ಸಣ್ಣ ಟ್ರೇಯಲ್ಲಿ ಇಟ್ಟಳು.

"ಕೈಗೆ ಕೊಡಿ."

"ಅಲ್ಲೇ ಐತ್ರಿ, ತಗೋರಿ."

ಅವರು ಒಂದು ಗಳಿಗೆ ಆಕೆಯನ್ನೇ ನೋಡಿದರು. ಮುಖಕ್ಕೆ ಬಟ್ಟೆ ಕಟ್ಟಿದ್ದರಿಂದ ಮುಖ ಕಾಣಲಿಲ್ಲ, ಕಿವಿ ಕೆಂಪಾದದ್ದು ಕಂಡಿತು. ಆಮೇಲೆ ಚಾಕು ಕೇಳಿದಾಗಲೂ ಅದೇ, ಸೂಜಿ ಕೇಳಿದಾಗಲೂ ಅದೇ. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದರು, "ಹಳೆಯ ಡಾಕ್ಟರಿಗೂ ಹೀಗೇ ಕೊಡ್ತಿದ್ರಾ?"

"ಹೂನ್ರಿ," ಅಂದಳು ಗಂಗಕ್ಕ. ಅಷ್ಟೇ. ಅವರು ನಂಬಲಿಲ್ಲ. ನಾನೂ ನಂಬಲಿಲ್ಲ. ಹುಬ್ಬಳ್ಳಿಯಲ್ಲಿ ನಮಗೆ ಕಲಿಸಿದ್ದು, ಡಾಕ್ಟರ ಕಣ್ಣು ಗಾಯದ ಮೇಲಿರುತ್ತದೆ, ಸಾಮಾನು ತಾನಾಗಿ ಅವರ ಅಂಗೈಗೆ ಬಂದು ಕೂರಬೇಕು ಅಂತ. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಅಷ್ಟು ತಿಳಿಯದೇ? ಈಕೆ ಡಾಕ್ಟರ ಕೈ ಮುಟ್ಟಲು ಹಿಂಜರಿಯುತ್ತಿದ್ದಾಳೆ, ಯಾಕೆ? ನನ್ನ ತಲೆ ಅಲ್ಲಿಂದ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಊರು ಹುಡುಕುತ್ತಿರುವ ಉತ್ತರ ಈಕೆಗೆ ಹೇಗೋ ಸಿಕ್ಕಿದೆ ಅಂದುಕೊಂಡೆ.

ಡಾಕ್ಟರು ಬಿಡುವಿನ ಭಾನುವಾರ ಒಬ್ಬರೇ ಬಾದಾಮಿಗೆ ಹೋಗಿ ಗುಹೆ, ಗುಡಿ ನೋಡಿಕೊಂಡು ಬರುತ್ತಿದ್ದರು. ಒಬ್ಬನೇ ಮನುಷ್ಯ ಮತ್ತೆ ಮತ್ತೆ ಅದೇ ಕಲ್ಲು ನೋಡಲು ಹೋಗುವುದೂ ಅನುಮಾನದ ವಿಷಯವೇ. ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತರೆ ನಮಗೆಲ್ಲ ಕರದಂಟು ತರುವರು. ಸೋಮವಾರ ಬೆಳಿಗ್ಗೆ ಹಂಚುವರು. ನಾನೂ ಆಯಾನೂ ಅಲ್ಲೇ ತಿಂದು ಕೈ ನೆಕ್ಕಿದರೆ ಗಂಗಕ್ಕ ಸೆರಗಿನಲ್ಲಿ ಗಂಟು ಹಾಕಿಕೊಳ್ಳುವಳು. ಒಂದು ಸಲ ಆಯಿತು, ಎರಡು ಸಲ ಆಯಿತು. ಮೂರನೇ ಸಲ ಅವರು ಆಕೆಯ ಸೆರಗನ್ನೇ ನೋಡುತ್ತ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಕರದಂಟು ತರುವುದು ನಿಂತುಹೋಯಿತು.

ಅಲ್ಲಿಂದ ಇಬ್ಬರ ನಡುವೆ ಮಾತು ಬಂದ್ ಆಯಿತು. ಗಂಗಕ್ಕ ಮೂರು ಮಾರು ದೂರದಲ್ಲಿ ನಿಂತಿದ್ದರೂ ಡಾಕ್ಟರು ನನಗೆ ಹೇಳುವರು, "ಬಟ್ಟೆ ಸರಿಯಾಗಿ ಮಡಿಸಿಲ್ಲ ಅಂತ ಅವರಿಗೆ ಹೇಳಿ." ಗಂಗಕ್ಕ ಗೋಡೆ ನೋಡುತ್ತ, "ಮಡಚೀನಂತ ಹೇಳು" ಅನ್ನುವಳು. ನಾನು ಟಪಾಲಿನವಳಾದೆ. ಇಬ್ಬರೂ ಎದುರಿಗೇ ಇದ್ದಾಗ ಮಾತನ್ನು ಇದ್ದ ಹಾಗೆ ದಾಟಿಸುತ್ತಿದ್ದೆ. ಒಬ್ಬರು ಕೋಣೆಯಲ್ಲಿ, ಇನ್ನೊಬ್ಬರು ಹಿತ್ತಲಿನಲ್ಲಿ ಇದ್ದಾಗ ಮಾತ್ರ ಮಾತು ದಾರಿಯಲ್ಲಿ ಸ್ವಲ್ಪ ಉಪ್ಪುಖಾರ ಹತ್ತಿಸಿಕೊಂಡು ತಲುಪುತ್ತಿತ್ತು. ನಡುವಿನವರ ಬಾಯಲ್ಲಿ ಯಾವ ಮಾತು ನೆಟ್ಟಗಿರುತ್ತದೆ ಹೇಳಿ.

ಬಿಸಿಲು ಏರಿದ ಹಾಗೆ ಅನುಮಾನವೂ ಏರಿತು. ಇಳಕಲ್ಲಿನ ಕೆಂಪು ಕಲ್ಲು ಹಗಲೆಲ್ಲ ಕಾದು ಸಂಜೆ ಆ ಕಾವನ್ನೇ ಉಗುಳುತ್ತದೆ, ಮನುಷ್ಯರೂ ಹಾಗೇ ಆಗುತ್ತಾರೆ. "ಅವರ ಕಡಿಯಾಕಿ ಯಾರನ್ನರ ತಂದು ನನ್ನ ಜಾಗಾಕ ಕೂಡಸೂ ವಿಚಾರ ಐತಿ ನೋಡು," ಅಂದಳು ಗಂಗಕ್ಕ ಒಂದು ಮಧ್ಯಾಹ್ನ. ನನಗೆ ಅದು ಖರೆ ಅನಿಸಿತು. ಯಾಕೆಂದರೆ ಡಾಕ್ಟರು ಆ ವಾರ ಎರಡು ಬಾರಿ ಆಸ್ಪತ್ರೆ ಕಮಿಟಿಯ ಅಧ್ಯಕ್ಷರ ಮನೆಗೆ ಹೋಗಿ ಬಂದಿದ್ದರು.

ಅಧ್ಯಕ್ಷರು ಬಟ್ಟೆ ವ್ಯಾಪಾರಿ, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಅವರು ಗಂಗಕ್ಕನನ್ನು ಅಂಗಡಿಗೆ ಕರೆಸಿದರು. ಆಕೆ ವಾಪಸು ಬಂದವಳು ಸ್ಟೋವಿನ ಹತ್ತಿರ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

"ಡಾಕ್ಟ್ರು ಒಂದ ಮಾತು ಹೇಳ್ಯಾರಂತ. ಆಕಿ ಇರಬೇಕು, ಇಲ್ಲಾ ನಾ ಇರಬೇಕು ಅಂತ. ಅಧ್ಯಕ್ಷರು ಅಮಾಸಿ ತನಾ ನೋಡ್ತಾರಂತ, ಆಮ್ಯಾಲ ಬಿಡಸ್ತಾರಂತ."

"ಯಾಕಂತ ಕೇಳ್ಬೇಕಿಲ್ಲೋ?"

"ಕೇಳಿದ್ನೆವಾ. ಕೆಲ್ಸಾ ಸರಿ ಇಲ್ಲ ಅಂದ್ರು. ಇಷ್ಟು ವರ್ಷ ಸರಿ ಇತ್ತು, ಈಗ ಸರಿ ಇಲ್ಲ. ನನಗ ಬ್ಯಾರೆ ಏನ್ ಬರ್ತೈತಿ ಶಾಂತಾ? ಮನ್ಯಾಗ ಅತ್ತಿ ಕೈ ಹಿಡ್ದು ನಡಸಬೇಕು. ಎಲ್ಲಿಗೆ ಹೋಗ್ಲಿ?"

ಆಕೆ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಪಕ್ಕದಲ್ಲಿ ಕೂತೆ. ಆದರೂ, ನೀ ಹಾಗೆ ಮಾಡಿದರೆ ಆ ಮನುಷ್ಯ ಏನು ಮಾಡಬೇಕು ಅಂತ ಒಳಗೆ ಒಂದು ದನಿ ಅನ್ನುತ್ತಲೇ ಇತ್ತು. ಇಬ್ಬರಲ್ಲಿ ಯಾರನ್ನು ನಂಬಬೇಕೋ ತಿಳಿಯದೆ ಇಬ್ಬರನ್ನೂ ನಂಬುವುದು ಬಿಟ್ಟಿದ್ದೆ.

ಮಿರಗದ, ಅಂದರೆ ಮೃಗಶಿರಾ ಮಳೆ ಹಿಡಿದ ದಿನ ಮರೋಳ ಹಳ್ಳಿಯಿಂದ ಯಲ್ಲವ್ವ ಎಂಬ ಬಸುರಿಯನ್ನು ಟ್ರ್ಯಾಕ್ಟರಿನ ಡಬ್ಬಿಯಲ್ಲಿ ತಾಡಪಾಲು ಹೊದಿಸಿ ತಂದರು. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು. ಕೂಸು ಅಡ್ಡ ಬಂದಿತ್ತು. ಕರೆಂಟು ಹೋಗಿತ್ತು. ಹಾಡಹಗಲಾದರೂ ಮೋಡಕ್ಕೆ ಕೋಣೆ ಕತ್ತಲು, ಕಿಟಕಿಗಳನ್ನೆಲ್ಲ ತೆರೆದು ಆಯಾ ಬ್ಯಾಟರಿ ಹಿಡಿದು ನಿಂತಳು. ಡಾಕ್ಟರು ಯಲ್ಲವ್ವನ ಬೆನ್ನಿಗೆ ಮರಗಟ್ಟಿಸುವ ಸೂಜಿ ಕೊಟ್ಟರು. ಸೊಂಟದ ಕೆಳಗೆ ನೋವು ತಿಳಿಯುವುದಿಲ್ಲ, ಆದರೆ ಎಚ್ಚರ ಪೂರ್ತಿ ಇರುತ್ತದೆ. ಎದೆಯ ಹತ್ತಿರ ಒಂದು ಬಟ್ಟೆ ಅಡ್ಡ ಕಟ್ಟಿ, ನಾನು ಆಕೆಯ ನಾಡಿ ಹಿಡಿದು ತಲೆದೆಸೆಗೆ ಕೂತೆ.

ಹೊಟ್ಟೆ ತೆರೆದರು. ರಕ್ತ ಎಂದಿಗಿಂತ ಜಾಸ್ತಿ. ಡಾಕ್ಟರ ಎಡಗೈ ಒಳಗಿತ್ತು, ಬಲಗೈ ಚಾಚಿದರು. "ಕತ್ತರಿ."

ಗಂಗಕ್ಕ ಟ್ರೇಯಲ್ಲಿ ಇಟ್ಟಳು.

ಅವರು ಕಣ್ಣು ತೆಗೆಯದೆ ಟ್ರೇಯಲ್ಲಿ ತಡಕಾಡಿದರು. ಕೈಯಲ್ಲಿದ್ದ ರಕ್ತಕ್ಕೆ ಕತ್ತರಿ ಜಾರಿ ಕೆಳಗೆ ಬಿತ್ತು. ನೆಲದ ಮೇಲಿನ ಕತ್ತರಿ ಮತ್ತೆ ಕುದಿಸದೆ ಉಪಯೋಗವಿಲ್ಲ. ಕುದಿಸಿದ್ದು ಇನ್ನೊಂದೇ ಒಂದು ಉಳಿದಿತ್ತು. ಗಂಗಕ್ಕ ಅದನ್ನೂ ಟ್ರೇಯ ಕಡೆಗೆ ಒಯ್ದಳು.

ಡಾಕ್ಟರು ಕೂಗಿದರು. "ಯಾಕ್ರೀ? ನನ್ನ ಕೈ ಮುಟ್ಟಿದ್ರೆ ಮೈಲಿಗೆ ಆಗುತ್ತಾ ನಿಮಗೆ? ಒಬ್ಬಳು ಹೆಂಗಸು ಸಾಯ್ತಾ ಇದಾಳೆ, ಈಗಲೂ ಕೆಳಗಿಟ್ಟೇ ಕೊಡ್ತೀರಾ?"

ಗಂಗಕ್ಕನ ಕೈ ಅಲ್ಲೇ ನಿಂತಿತು. ಕಣ್ಣು ಅಗಲವಾದವು.

"ಮೈಲಗಿ? ಏನಂತೀರಿ ಸಾಹೇಬ್ರ? ಕತ್ತರಿ ಕೈಯಾಗ ಕೊಟ್ರ ಜಗಳಾ ಬರ್ತಾವಲ್ರೀ! ನಿಮಗೂ ನನಗೂ ಜಗಳ ಬ್ಯಾಡಂತ ಹೇಳಿ..."

ಬಟ್ಟೆಯ ಈಚೆ ಮಲಗಿದ್ದ ಯಲ್ಲವ್ವ ಕಣ್ಣು ತೆರೆದಳು. "ಖರೆ ಐತ್ರೀ ಸಾಹೇಬ್ರ, ಕತ್ತರಿ ಕೈಯಾಗ ಕೊಡಬಾರ್ದು," ಅಂದಳು ದಣಿದ ದನಿಯಲ್ಲಿ. "ಆದ್ರ ಎಕ್ಕಾ, ಇವತ್ತೊಂದಿನ ಕೊಟ್ಟಬಿಡು. ಜಗಳಾ ಆಮ್ಯಾಲ ಮಾಡ್ರಿ. ಮೊದ್ಲ ನನ್ನ ಕೂಸು ತಗೀರಿ."

ಡಾಕ್ಟರ ಅಂಗೈ ಚಾಚಿಯೇ ಇತ್ತು. ಗಂಗಕ್ಕ ಕತ್ತರಿಯನ್ನು ಆ ಅಂಗೈಯಲ್ಲಿ ಇಟ್ಟಳು, ಅವರ ಬೆರಳು ಮುಚ್ಚಿಸಿದಳು. ಸ್ವಲ್ಪ ಹೊತ್ತಿಗೆ ಕೂಸು ಹೊರಗೆ ಬಂತು. ಮೊದಲು ಅಳಲಿಲ್ಲ, ಆಯಾ ಬೆನ್ನು ತಟ್ಟಿದ ಮೇಲೆ ಇಡೀ ಓಣಿಗೆ ಕೇಳುವ ಹಾಗೆ ಅತ್ತಿತು.

ನನಗೆ ಹಣೆ ಹಣೆ ಬಡಿದುಕೊಳ್ಳುವಂತಾಗಿತ್ತು. ನಮ್ಮ ಮನೆಯಲ್ಲೂ ಉಪ್ಪು, ಒಣಮೆಣಸಿನಕಾಯಿ, ಸೂಜಿ, ಚಾಕು, ಕತ್ತರಿ ಕೈಯಿಂದ ಕೈಗೆ ಕೊಡುವುದಿಲ್ಲ. ಕೆಳಗಿಟ್ಟು, ತಗೋ ಅನ್ನುತ್ತೇವೆ. ಅಡುಗೆಮನೆಯ ಆ ರೂಢಿ ಆಪರೇಷನ್ ಕೋಣೆಗೂ ನಡೆದು ಬಂದೀತು ಅಂತ ನನಗೆ ಹೊಳೆದಿರಲಿಲ್ಲ. ಹಳೆಯ ಡಾಕ್ಟರು ಇದೇ ಸೀಮೆಯವರು, ಅವರೆಂದೂ ಕೈ ಚಾಚಿರಲಿಲ್ಲ, ತಾವೇ ಎತ್ತಿಕೊಂಡಿದ್ದರು. ಅವರಿಬ್ಬರ ನಡುವೆ ಅದೊಂದು ಮಾತು ಬೇಡದ ಪದ್ಧತಿ. ಗಂಗಕ್ಕನ ಲೆಕ್ಕದಲ್ಲಿ ಇದನ್ನು ಬಿಡಿಸಿ ಹೇಳುವುದೆಂದರೆ ಸೂರ್ಯ ಮೂಡಣಕ್ಕೆ ಹುಟ್ಟುತ್ತಾನೆ ಅಂತ ಹೇಳಿದ ಹಾಗೆ.

ಅಷ್ಟಾದರೂ ನನ್ನ ಅನುಮಾನ ಸುಮ್ಮನೆ ಬಿಡುವುದಲ್ಲ. ಈಕೆ ಸಿಕ್ಕಿಬಿದ್ದಾಗ ಥಟ್ಟನೆ ಹುಟ್ಟಿಸಿದ ನೆಪವಾಗಿರಬಹುದೇ? ಹೊಲಿಗೆ ಹಾಕುವಾಗ ಕಣ್ಣಿಟ್ಟು ನೋಡಿದೆ. ಒತ್ತುವ ಬಟ್ಟೆಯನ್ನು ಕೈಗೇ ಕೊಟ್ಟಳು. ಚಿಮಟ ಕೈಗೇ ಕೊಟ್ಟಳು. ನೂಲು ಕೈಗೇ ಕೊಟ್ಟಳು, ಕೊಡುವಾಗ ಬೆರಳಿಗೆ ಬೆರಳು ತಾಗಿತು. ಯೋಚಿಸಿದರೆ ಮೊದಲಿನಿಂದಲೂ ಅವನ್ನೆಲ್ಲ ಕೈಗೇ ಕೊಡುತ್ತಿದ್ದಳು, ನನ್ನ ಕಣ್ಣೆದುರಿಗೇ. ಅನುಮಾನದ ಕಣ್ಣು ಬಲು ಚುರುಕು ಅನ್ನುತ್ತಾರೆ. ಅದು ತನಗೆ ಬೇಕಾದಷ್ಟೇ ನೋಡುತ್ತದೆ.

ಆಮೇಲೆ ಪಡಸಾಲೆಯಲ್ಲಿ ಡಾಕ್ಟರು ಬೆಂಚಿನ ಮೇಲೆ ಕೂತಿದ್ದರು. ಮಳೆ ನಿಂತು ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗಂಗಕ್ಕ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ನಿಂತಳು. ಈ ಸಲ ಟಪಾಲು ಬೇಕಾಗಲಿಲ್ಲ.

"ಹಂಗಾರ ಇಷ್ಟು ದಿನಾ ನೀವು ಅದನ್ನ ತಿಳ್ಕೊಂಡಿದ್ರಿ?"

"ಹೌದು."

"ನೀವು ಯಾವ ಮಂದಿ ಅಂತನ ನನಗ ಗೊತ್ತಿಲ್ಲಲ್ರೀ."

ಅವರು ತಲೆ ಎತ್ತಿದರು. "ಗೊತ್ತಿಲ್ವಾ? ನಮ್ಮೂರಲ್ಲಿ ನಮ್ಮದು ಊರಾಚೆ ಕೇರಿ, ಗಂಗಮ್ಮ. ನಮ್ಮಪ್ಪನಿಗೆ ಕೂಲಿ ಕೊಡೋರು ಜಗಲಿ ಮೇಲೆ ಇಟ್ಟು ಹಿಂದೆ ಸರಿಯೋರು, ಅವರು ಸರಿದ ಮೇಲೆ ಅಪ್ಪ ಎತ್ಕೊಬೇಕು. ಸ್ಕೂಲಲ್ಲಿ ಮೇಷ್ಟ್ರು ನನ್ನ ಸ್ಲೇಟನ್ನ ನೆಲದ ಮೇಲೆ ಇಡಿಸೋರು. ನೀವು ಮೊದಲ ದಿನ ಟ್ರೇಯಲ್ಲಿ ಇಟ್ರಲ್ಲ, ನನಗೆ ಅದೇ ಕಾಣಿಸ್ತು. ಕರದಂಟೂ ತಿನ್ನಲಿಲ್ಲ ನೀವು."

"ಸೋಮಾರ ನನಗ ಒಪ್ಪತ್ತು ಇರ್ತೈತ್ರೀ! ರಾತ್ರಿ ನಮ್ಮತ್ತಿ, ನಾನು ಕೂಡೇ ತಿಂತಿದ್ವಿ. ತರೂದು ಯಾಕ ಬಿಟ್ರು ಅಂತ ಆಕಿನೂ ಕೇಳಾಕತ್ತಾಳ." ಗಂಗಕ್ಕನ ದನಿ ಏರಿತು, ಸಿಟ್ಟು ಬಂದಿತ್ತು. "ಒಂದ ಮಾತು ಕೇಳಬಾರ್ದೇನ್ರಿ ನನ್ನ? ಕೆಲ್ಸಾ ಬಿಡಸೂ ತನಾ ಹೋದ್ರಿ, ಒಂದ ಮಾತು ಕೇಳಲಿಲ್ಲ!"

ಡಾಕ್ಟರು ಹೇಳಿದರು, "ಕೇಳಬಹುದಿತ್ತು. ನೀವು ಹೌದು ಅಂದಿದ್ರೆ?"

ಬಾಯಿಬಿಟ್ಟು ಕೇಳಿದರೆ ಎಲ್ಲ ತಿಳಿಯಾಗುತ್ತದೆ ಅಂತ ನಾವು ಸುಲಭವಾಗಿ ಹೇಳುತ್ತೇವೆ. ಕೇಳುವವನ ಎದೆಯಲ್ಲಿ ಎಂಥ ಹೆದರಿಕೆ ಇರುತ್ತದೆ ಅಂತ ಆ ದಿನ ತಿಳಿದು ನನಗೆ ಕಣ್ಣಲ್ಲಿ ನೀರು ಬಂತು.

"ಹೌದು ಅನ್ನವ್ರು ಅದಾರ್ರೀ ಈ ಊರಾಗ," ಅಂದಳು ಗಂಗಕ್ಕ ಕೊನೆಗೆ. "ಇಲ್ಲಂತ ಸುಳ್ಳ್ಯಾಕ ಹೇಳ್ಲಿ? ಆದ್ರ ನಾ ಅಲ್ಲ."

ಮರುದಿನ ಸಂಜೆ ಡಾಕ್ಟರು ತಮ್ಮ ಮಾತು ವಾಪಸು ತೆಗೆದುಕೊಳ್ಳಲು ಅಧ್ಯಕ್ಷರ ಮನೆಗೆ ಹೊರಟರು, ಗಂಗಕ್ಕನನ್ನೂ ನನ್ನನ್ನೂ ಕರೆದುಕೊಂಡರು. ಗಂಗಕ್ಕನಾಗಲಿ ನಾನಾಗಲಿ ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅಧ್ಯಕ್ಷರು ಎದ್ದು ನಿಂತು, ಡಾಕ್ಟರಿಗೆ ಬೇಗ ಕಲ್ಯಾಣವಾಗಲಿ, ಇಂಥ ಡಾಕ್ಟರು ಸಿಗಲು ಇಳಕಲ್ಲು ಪುಣ್ಯ ಮಾಡಿತ್ತು ಅಂತ ಹೊಗಳಿದರು. ಡಾಕ್ಟರು, ತಪ್ಪು ತಿಳಿವಳಿಕೆಯಾಗಿತ್ತು, ಗಂಗಮ್ಮನನ್ನು ಬಿಡಿಸಬೇಡಿ ಅಂದರು. "ನೋಡೋಣಂತ, ಕಮಿಟ್ಯಾಗ ಮಾತಾಡೋಣಂತ," ಅಂದರು ಅಧ್ಯಕ್ಷರು ಗಂಗಕ್ಕನನ್ನು ನೋಡದೆ. ಒಮ್ಮೆ ಆಡಿದ ಮಾತನ್ನು ಹಿಂತೆಗೆಯುವುದು ಅವರಿಗೆ ಇಷ್ಟವಿಲ್ಲ ಅನ್ನುವುದು ಕಾಣುತ್ತಿತ್ತು.

ಚಹಾ ಬಂತು. ಕೆಲಸದವಳು ಮೂರು ಸ್ಟೀಲಿನ ಲೋಟ, ನಮ್ಮ ಕಡೆಯ ವಾಟಗ, ಒಳಗಿಂದ ತಂದಳು. ನಾಲ್ಕನೆಯದು ಹೂವಿನ ಚಿತ್ರದ ಚೆಂದದ ಪಿಂಗಾಣಿ ಕಪ್ಪು. ಅದನ್ನು ಆಕೆ ಹಿತ್ತಲ ಬಾಗಿಲಾಚೆ, ಬಚ್ಚಲ ಗೋಡೆಯ ಗೂಡಿನಿಂದ ತೆಗೆದು, ನೀರು ಚಿಮುಕಿಸಿ, ಮೇಲಿನಿಂದ ಚಹಾ ಸುರಿದು ತಂದು ಡಾಕ್ಟರ ಮುಂದಿನ ಸ್ಟೂಲಿನ ಮೇಲೆ ಇಟ್ಟಳು. ನಾನೂ ಗಂಗಕ್ಕನೂ ಕೂತ ಜಾಗದಿಂದ ಎಲ್ಲ ಕಾಣಿಸಿತು. ಡಾಕ್ಟರ ಜಾತಿ ಬರೆದ ಕಾಗದಪತ್ರ ನೋಡಿ ಕೆಲಸಕ್ಕೆ ತೆಗೆದುಕೊಂಡವರು ಈ ಅಧ್ಯಕ್ಷರೇ ಅನ್ನುವುದು ನನಗೆ ಆಗ ನೆನಪಾಯಿತು. ಡಾಕ್ಟರ ಮುಖ ನೋಡಿದೆ. ಅವರಿಗೆ ಆ ಕಪ್ಪು ಹೊಸದಾಗಿರಲಿಲ್ಲ. ಅವರು ಸುಮ್ಮನೆ ಕೈ ಚಾಚಿದರು.

ಅಷ್ಟರಲ್ಲಿ ಗಂಗಕ್ಕ ಎದ್ದಳು. ತನ್ನ ವಾಟಗವನ್ನು ಡಾಕ್ಟರ ಚಾಚಿದ ಕೈಯಲ್ಲಿಟ್ಟು, ಪಿಂಗಾಣಿ ಕಪ್ಪನ್ನು ತಾನು ಎತ್ತಿಕೊಂಡಳು.

ಅಧ್ಯಕ್ಷರು ಗಾಬರಿಯಾಗಿ, "ಗಂಗವ್ವಾ, ಅದು... ಅದು ಡಾಕ್ಟ್ರದು," ಅಂದರು.

"ಯಾಕ್ರೀ?" ಅಂದಳು ಗಂಗಕ್ಕ.

ಆಕೆ ಅವರ ಮುಖವನ್ನೇ ನೋಡುತ್ತ, ಅವಸರವಿಲ್ಲದೆ, ಕೊನೆಯ ಗುಟುಕಿನವರೆಗೂ ಚಹಾ ಕುಡಿದು ಕಪ್ಪನ್ನು ಸ್ಟೂಲಿನ ಮೇಲಿಟ್ಟಳು.

"ಇನ್ನ ನನ್ನ ಕೆಲಸದ್ದು ಏನಂತೀರಿ, ಹೇಳ್ರಿ."

"ಮಾಡವಾ, ಮಾಡು," ಅಂದರು ಅಧ್ಯಕ್ಷರು. ಅವರ ಕಣ್ಣು ಇನ್ನೂ ಆ ಕಪ್ಪಿನ ಮೇಲೇ ಇತ್ತು.